ಕಥೆಗೂ ದಲಾಲಿ: ಲಿಟರರಿ ಏಜೆಂಟ್ ಅಂದರೆ ಯಾರು?

ಮಕ್ಕಳ ಕಥೆ ಬರೆದಿದ್ದೇನೆ, ಏಜೆಂಟ್ ಹುಡುಕುತ್ತಿದ್ದೇನೆ ಅಂದಾಗ ಅಪ್ಪ ನಕ್ಕರು. "ಕಥಿಗೂ ದಲಾಲಿ ಅದಾನೇನು?" ಅವರ ತಪ್ಪೇನಿಲ್ಲ. ರಾಯಚೂರಿನಲ್ಲಿ ಏಜೆಂಟ್ ಅಂದರೆ ರಾಜೇಂದ್ರ ಗಂಜ್ ಮಾರುಕಟ್ಟೆ ನೆನಪಾಗುತ್ತದೆ. ಈ ಕಡೆ ಹತ್ತಿ ತಂದ ರೈತ, ಆ ಕಡೆ ಕೊಳ್ಳುವ ಸಾಹುಕಾರ, ನಡುವೆ ಕಮಿಷನ್ ಅಂಗಡಿ.

ಲಿಟರರಿ ಏಜೆಂಟ್ ಕೆಲಸವೂ ಹೆಚ್ಚುಕಡಿಮೆ ಇದೇ. ಬರಹಗಾರರ ಪರವಾಗಿ ಹಸ್ತಪ್ರತಿಯನ್ನು ಸರಿಯಾದ ಪ್ರಕಾಶಕರಿಗೆ ತೋರಿಸುವುದು, ದರ ಮಾತಾಡುವುದು, ಕರಾರು ಓದುವುದು. 19ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಎ.ಪಿ. ವಾಟ್ ಇದನ್ನೇ ಕಸುಬು ಮಾಡಿಕೊಂಡ. ಆಗ ಶೇ 10 ಕಮಿಷನ್. ಈಗ ಇಂಗ್ಲಿಷ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಶೇ 15, ಹೊರದೇಶಕ್ಕೆ ಮಾರಿದರೆ ಶೇ 20.

ಆದರೆ ಗಂಜ್ ದಲಾಲಿಗೂ ಇದಕ್ಕೂ ಎರಡು ವ್ಯತ್ಯಾಸ ಇವೆ. ಗಂಜಿನಲ್ಲಿ ಕಮಿಷನ್ ಕೊಳ್ಳುವವನು ಕೊಡಬೇಕು ಅಂತ ನಿಯಮ (ನಡೆಯುವುದು ಹೇಗೆ ಅಂತ ರೈತರನ್ನೇ ಕೇಳಿ). ಇಲ್ಲಿ ಬರಹಗಾರರ ಗಳಿಕೆಯಿಂದಲೇ ಹೋಗುತ್ತದೆ, ಅದೂ ದುಡ್ಡು ಬಂದ ಮೇಲೆ. ಬರಹಗಾರರಿಗೆ ಏನೂ ಬರದಿದ್ದರೆ ಏಜೆಂಟಿಗೂ ಸೊನ್ನೆ. ಹಾಗಾಗಿ "ಓದೋಕೆ ಇಷ್ಟು ಫೀಸು, ನೋಂದಣಿಗೆ ಇಷ್ಟು" ಅಂತ ಮೊದಲೇ ಕೇಳುವವರಿಂದ ದೂರ ಇರಿ.

ಎರಡನೆಯದು, ಹತ್ತಿ ಒಮ್ಮೆ ತೂಕಕ್ಕೆ ಹಾಕಿದರೆ ಮುಗಿಯಿತು. ಕಥೆ ಹಾಗಲ್ಲ, ಅದು ಹೊಲ ಇದ್ದ ಹಾಗೆ. ಲೀಜಿಗೆ ಕೊಡಬಹುದು. ಅಚ್ಚಿನ ಹಕ್ಕು ಒಬ್ಬರಿಗೆ, ಅನುವಾದ ಇನ್ನೊಬ್ಬರಿಗೆ, ಆಡಿಯೋ ಮತ್ತೊಬ್ಬರಿಗೆ. ಒಳ್ಳೆಯ ಏಜೆಂಟ್ ಗೊತ್ತಾಗುವುದು ಇಲ್ಲೇ.

ಕನ್ನಡದಲ್ಲಿ ಇಂಥವರು ಯಾಕೆ ಕಾಣುವುದಿಲ್ಲ? ಸುಮ್ನೆ ಲೆಕ್ಕ ಹಾಕಿ. 80 ರೂಪಾಯಿಯ ಪುಸ್ತಕ, 1000 ಪ್ರತಿ, ಶೇ 10 ರಾಯಲ್ಟಿ. ಎಲ್ಲ ಮಾರಾಟ ಆದರೂ ಬರಹಗಾರರಿಗೆ 8000 ರೂಪಾಯಿ. ಅದರಲ್ಲಿ ಶೇ 15 ಅಂದರೆ 1200. ಅಷ್ಟಕ್ಕೆ ವರ್ಷಗಟ್ಟಲೆ ಯಾರು ಓಡಾಡುತ್ತಾರೆ? ಅದಕ್ಕೇ ಕನ್ನಡದಲ್ಲಿ ಬರೆಯುವವರು ನೇರವಾಗಿ ಪ್ರಕಾಶಕರಿಗೆ ಕಳಿಸುವುದೇ ದಾರಿ. ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ ಕನ್ನಡದಲ್ಲೂ ಮಕ್ಕಳ ಪುಸ್ತಕ ತರುತ್ತವೆ. ಇಂಗ್ಲಿಷಿನಲ್ಲಿ ಬರೆದು ಲಂಡನ್, ನ್ಯೂಯಾರ್ಕಿನ ದೊಡ್ಡ ಪ್ರಕಾಶಕರ ಬಾಗಿಲು ತಟ್ಟುವವರಿಗೆ ಮಾತ್ರ ಏಜೆಂಟ್ ನಿಜಕ್ಕೂ ಬೇಕು. ಅಲ್ಲಿ ಬಹಳಷ್ಟು ಪ್ರಕಾಶಕರು ಏಜೆಂಟ್ ಇಲ್ಲದೆ ಬಂದ ಹಸ್ತಪ್ರತಿ ಮುಟ್ಟುವುದಿಲ್ಲ.

ಏಜೆಂಟರಿಗೆ ಬರೆಯುವಾಗ ಒಂದು ಪುಟದ ಪತ್ರ ಸಾಕು. ಯಾವ ವಯಸ್ಸಿನ ಮಕ್ಕಳಿಗೆ, ಕಥೆ ಏನು, ನೀವು ಯಾರು, ಅಷ್ಟೇ. ಚಿತ್ರಪುಸ್ತಕವಾದರೆ ಪೂರ್ತಿ ಕಥೆ ಜೊತೆಗಿಡಿ, ಹೇಗಿದ್ದರೂ ಅದು ಚಿಕ್ಕದು. ಸಾಮಾನ್ಯವಾಗಿ 32 ಪುಟದೊಳಗೆ ಮುಗಿಯುವಂಥದ್ದು. ದೊಡ್ಡ ಮಕ್ಕಳ ಕಾದಂಬರಿಯಾದರೆ ಕಥಾಸಾರ ಮತ್ತು ಮೊದಲ ಅಧ್ಯಾಯಗಳು. ಕೈಯಿಂದ ದುಡ್ಡು ಕೊಟ್ಟು ಚಿತ್ರ ಬರೆಸಬೇಡಿ. ನಾನು ಬರೆಸಿ ಕೈಸುಟ್ಟುಕೊಂಡೆ. ಕಲಾವಿದರನ್ನು ಪ್ರಕಾಶಕರೇ ಆರಿಸಿಕೊಳ್ಳುತ್ತಾರೆ.

ಏಜೆಂಟ್ ಇಲ್ಲದಿದ್ದರೆ ಕರಾರು ನೀವೇ ಓದಬೇಕು, ಅಲ್ವಾ? ಹಕ್ಕು ಎಷ್ಟು ವರ್ಷಕ್ಕೆ, ಎಲ್ಲೆಲ್ಲಿಗೆ ಅನ್ನುವ ಎರಡು ಸಾಲು ಮೊದಲು ಹುಡುಕಿ. ಹಕ್ಕು ಬರೆದುಕೊಡುವಾಗ ಅವು ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ 5 ವರ್ಷ, ಭಾರತದೊಳಗೆ ಮಾತ್ರ ಅಂತ ಲೆಕ್ಕ. ಇದನ್ನು ಅಪ್ಪನಿಗೆ ಓದಿ ಹೇಳಿದೆ. "ಹೊಲದ ಲೀಜಿಗೂ ಹಿಂಗ ಬರಸ್ಬೇಕಿತ್ತು ನೋಡು" ಅಂದರು.