ಹೆಡ್‌ಫೋನ್ ಬೆಲೆ ಲಕ್ಷ ದಾಟಿದ್ದು ಹೇಗೆ?

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಮೊಬೈಲ್ ಅಂಗಡಿಗಳಿಗೇನೂ ಬರವಿಲ್ಲ. ಐನೂರು ರೂಪಾಯಿಯಿಂದ ಹಿಡಿದು ಐದಾರು ಸಾವಿರದವರೆಗೆ ಹೆಡ್‌ಫೋನ್ ಸಿಗುತ್ತವೆ. ಅಂಥ ಅಂಗಡಿಯಲ್ಲಿ ನಿಂತು, "ಒಂದೂವರೆ ಲಕ್ಷದ ಹೆಡ್‌ಫೋನ್ ಒಂದಿದೆ, ಬ್ಲೂಟೂತ್ ಇಲ್ಲ, ಮೈಕ್ ಇಲ್ಲ, ಹೊರಗಿನ ಗಲಾಟೆಯನ್ನೂ ತಡೆಯಲ್ಲ" ಅಂತ ಹೇಳಿ ನೋಡಿ. ಅಂಗಡಿಯವರು ನಗದೆ ಇರಲ್ಲ. ಹೀಗೆ ಒಂದೊಂದೇ ಸೌಲಭ್ಯ ಕಡಿಮೆಯಾಗುತ್ತಾ ಬೆಲೆ ಮಾತ್ರ ಏರುವ ಸಾಮಾನು ಬೇರೆ ಯಾವುದಿದೆ?

ಆ ಬೆಲೆ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು. ಅದರಲ್ಲಿ ಬಹುಕಾಲ ಹೆಡ್‌ಫೋನ್ ಅಂದರೆ ಕೆಲಸಗಾರರ ಸಾಮಾನು. ಅದು ಶೋಕಿಯ ವಸ್ತು ಆಗಿದ್ದು ತೀರಾ ಈಚೆಗೆ.

1910ರ ಸುಮಾರಿಗೆ ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್ವಿನ್ ಎಂಬಾತ ತನ್ನ ಮನೆಯ ಅಡುಗೆಮನೆಯಲ್ಲಿ ಕೂತು ಎರಡು ಕಿವಿಗೂ ಹಾಕಿಕೊಳ್ಳುವ ಹೆಡ್‌ಫೋನ್ ಮಾಡಿದ. ಅದನ್ನು ಕೊಂಡಿದ್ದು ಅಮೆರಿಕದ ನೌಕಾಪಡೆ. ಕ್ಷೀಣವಾದ ರೇಡಿಯೋ ಸಂಕೇತ ಕಿವಿಗೆ ಬಿದ್ದರೆ ಸಾಕಿತ್ತು. ಇಂಪಿನ ಮಾತೇ ಇರಲಿಲ್ಲ. ನೌಕಾಪಡೆ ನೂರಾರು ಕೇಳಿದರೂ ಆತನಿಗೆ ಒಂದು ಸಲಕ್ಕೆ ಹತ್ತರಂತೆ ಮಾತ್ರ ಮಾಡಿಕೊಡಲು ಆಗುತ್ತಿತ್ತು.

ಇಂಪಿನ ಕಡೆ ಮೊದಲ ದೊಡ್ಡ ಹೆಜ್ಜೆ 1937ರಲ್ಲಿ ಬಂತು. ಜರ್ಮನಿಯಲ್ಲಿ ಯೂಜಿನ್ ಬೇಯರ್ ಅವರ ಕಂಪನಿ ಡಿಟಿ 48 ಎಂಬ ಹೆಡ್‌ಫೋನ್ ತಂದಿತು. ಡೈನಾಮಿಕ್ ಬಗೆಯ ಮೊದಲ ಹೆಡ್‌ಫೋನ್ ಅದು. ಒಂದು ತೆಳುವಾದ ಪೊರೆ, ಅದಕ್ಕೆ ಅಂಟಿಸಿದ ತಂತಿಯ ಸುರುಳಿ, ಸುತ್ತ ಮ್ಯಾಗ್ನೆಟ್. ಸುರುಳಿಯಲ್ಲಿ ಕರೆಂಟ್ ಹರಿದಾಗ ಪೊರೆ ಅದುರುತ್ತದೆ, ಗಾಳಿ ಅಲುಗುತ್ತದೆ, ಸದ್ದು ಹುಟ್ಟುತ್ತದೆ. ಇವತ್ತು ರಸ್ತೆಬದಿಯಲ್ಲಿ ಸಿಗುವ ಇಯರ್‌ಫೋನ್ ಒಳಗೂ ಹೆಚ್ಚುಕಡಿಮೆ ಇದೇ ಇರೋದು. ಡಿಟಿ 48 ಎಪ್ಪತ್ತಕ್ಕೂ ಹೆಚ್ಚು ವರ್ಷ ತಯಾರಾಗುತ್ತಲೇ ಇತ್ತು. ಅದನ್ನು ಹಾಕಿಕೊಂಡವರು ರೇಡಿಯೋ ಕೇಂದ್ರದವರು, ಕಿವಿ ಪರೀಕ್ಷೆ ಮಾಡುವವರು, ಜಾಗಕ್ಕೇ ಹೋಗಿ ಧ್ವನಿ ಮುದ್ರಿಸುವವರು.

ಮನೆಯೊಳಗೆ ಅದನ್ನು ತಂದವರು ಅಮೆರಿಕದ ಮಿಲ್ವಾಕಿಯ ಜಾನ್ ಕಾಸ್. 1958ರಲ್ಲಿ ಅವರು ಒಂದು ಪುಟ್ಟ ರೆಕಾರ್ಡ್ ಪ್ಲೇಯರ್ ಮಾರೋಣ ಅಂತ ಪ್ರದರ್ಶನಕ್ಕೆ ಒಯ್ದಿದ್ದರು. ಒಬ್ಬರೇ ಕೇಳೋಕೆ ಇರಲಿ ಅಂತ ಅದರ ಜೊತೆ ಎಸ್‌ಪಿ/3 ಎಂಬ ಸ್ಟೀರಿಯೋ ಹೆಡ್‌ಫೋನ್ ಇಟ್ಟಿದ್ದರು. ಬಂದವರಿಗೆ ಪ್ಲೇಯರ್ ಬೇಡವಾಯಿತು, ಹೆಡ್‌ಫೋನ್ ಬೇಕಾಯಿತು. ಸ್ಟೀರಿಯೋ ಎಲ್‌ಪಿಗಳು ಆಗಷ್ಟೇ ಮಾರುಕಟ್ಟೆಗೆ ಬರುತ್ತಿದ್ದ ಕಾಲ. ಎಡಗಿವಿಗೊಂದು, ಬಲಗಿವಿಗೊಂದು ವಾದ್ಯ ಕೇಳಿಸಿದ್ದು ಜನಕ್ಕೆ ಹೊಸ ಅನುಭವ.

ಅಲ್ಲಿಂದ ಹತ್ತು ವರ್ಷದಲ್ಲಿ ಎರಡು ದೊಡ್ಡ ಸಂಗತಿ ನಡೆದವು. ಮೊದಲನೆಯದು ಜಪಾನಿನ ಸ್ಟ್ಯಾಕ್ಸ್ ಕಂಪನಿಯ ಎಸ್‌ಆರ್-1. 1960ರ ಹೊತ್ತಿಗೆ ಅಂಗಡಿಗೆ ಬಂದ ಇದರಲ್ಲಿ ಸುರುಳಿಯೂ ಇಲ್ಲ, ಮ್ಯಾಗ್ನೆಟ್ಟೂ ಇಲ್ಲ. ಕೆಲವೇ ಮೈಕ್ರಾನ್ ದಪ್ಪದ ಹಾಳೆಗೆ ನೂರಾರು ವೋಲ್ಟ್ ಕೊಟ್ಟು ಎರಡು ಲೋಹದ ಜಾಲರಿಗಳ ನಡುವೆ ಅಲುಗಿಸುವ ಎಲೆಕ್ಟ್ರೋಸ್ಟಾಟಿಕ್ ವಿಧಾನ. ಇದಕ್ಕೆ ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲವೇ ಅಡಾಪ್ಟರ್ ಬೇಕೇ ಬೇಕು. ಅಷ್ಟು ವೋಲ್ಟ್ ಕಿವಿಗೆ ಕಟ್ಟಿಕೊಳ್ಳೋದಾ ಅಂತ ಗಾಬರಿ ಬೇಡ. ಕರೆಂಟ್ ತೀರಾ ಕಡಿಮೆ ಇರೋದರಿಂದ ಅಪಾಯವಿಲ್ಲ.

ಎರಡನೆಯದು 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ತಂದ ಎಚ್‌ಡಿ 414. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ನಿಜವಾದ ತಿರುವು ಇದೇ. ಅಲ್ಲಿಯವರೆಗೆ ಹೆಡ್‌ಫೋನ್ ಅಂದರೆ ಕಿವಿಯನ್ನು ಗಟ್ಟಿಯಾಗಿ ಮುಚ್ಚುವ ಭಾರದ ಡಬ್ಬಿ. ಇದು ಅದರ ಬೆನ್ನನ್ನೇ ತೆರೆದಿಟ್ಟಿತು. ಕಿವಿಗೆ ತಾಗುವ ಕಡೆ ಹಳದಿ ಸ್ಪಂಜು, ಹಿಂದೆ ತೂತುಗಳು. ಸದ್ದು ಎರಡೂ ಕಡೆ ಹೋಗುತ್ತದೆ. ಮುಚ್ಚಿದ ಡಬ್ಬಿಯೊಳಗೆ ಸದ್ದು ಗೋಡೆಗೆ ಬಡಿದು ವಾಪಸ್ ಬಂದು ಕಲಸಿಹೋಗುವ ತೊಂದರೆ ಇಲ್ಲಿಲ್ಲ. ಹಾಡು ತಲೆಯೊಳಗೆ ಅಲ್ಲ, ಸ್ವಲ್ಪ ಆಚೆ ನಡೆಯುತ್ತಿದೆ ಅನ್ನಿಸುತ್ತದೆ. ಇದು ಒಂದು ಕೋಟಿಗೂ ಜಾಸ್ತಿ ಮಾರಾಟವಾಗಿದೆ ಅಂತ ಕಂಪನಿ ಹೇಳಿಕೊಂಡಿದೆ. ಇವತ್ತಿನ ಲಕ್ಷದ ಹೆಡ್‌ಫೋನ್‌ಗಳಲ್ಲಿ ಹೆಚ್ಚಿನವು ಹೊರಗಿನ ಗಲಾಟೆ ತಡೆಯದಿರಲು ಕಾರಣ ಇದೇ. ಅವುಗಳ ಬೆನ್ನೂ ತೆರೆದೇ ಇರುತ್ತದೆ.

ತೆರೆದ ಬೆನ್ನು ಎಲ್ಲ ಕಡೆ ನಡೆಯಲ್ಲ. ಅಶೋಕನಗರದ ಕಡೆ ಒಂದು ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಪರಿಚಯದವರೊಬ್ಬರು ಪುಟ್ಟ ರೆಕಾರ್ಡಿಂಗ್ ರೂಮ್ ನಡೆಸುತ್ತಾರೆ. ಭಾವಗೀತೆ, ಜನಪದ, ಯಾವುದೋ ದೇವಸ್ಥಾನದ ಸುಪ್ರಭಾತ, ಇಂಥ ಕೆಲಸ. ಹಾಡುವವರ ತಲೆಗೆ ಅವರು ಹಾಕೋದು ಮುಚ್ಚಿದ ಹೆಡ್‌ಫೋನ್. ತಾಳಕ್ಕೆ ಅಂತ ಕಿವಿಗೆ ಕೊಡುವ ಟಿಕ್ ಟಿಕ್ ಸದ್ದು ತೆರೆದ ಹೆಡ್‌ಫೋನ್‌ನಿಂದ ಸೋರಿ ಮೈಕಿಗೆ ಬಿದ್ದರೆ ಆ ಟೇಕ್ ಹೋದಂತೆಯೇ. ಅದರಲ್ಲೂ ಆಲಾಪದಂಥ ಮೆಲುದನಿಯ ಜಾಗದಲ್ಲಿ ಅದು ಎದ್ದು ಕೇಳುತ್ತದೆ, ಆಮೇಲೆ ಅಳಿಸೋಕೂ ಆಗಲ್ಲ. ಹಾಡಿದವರು ಮನೆಗೆ ಹೋದ ಮೇಲೆ, ರಾತ್ರಿ ಮಿಕ್ಸಿಂಗ್ ಮಾಡುವಾಗ ಅವರು ತೆರೆದ ಹೆಡ್‌ಫೋನ್ ತೆಗೆಯುತ್ತಾರೆ. ಹಗಲಲ್ಲಿ ಅದನ್ನು ಹಾಕಿದರೆ ಬಿ.ಎಚ್. ರಸ್ತೆಯ ಲಾರಿ ಹಾರ್ನೂ ಹಾಡಿನ ಜೊತೆ ಸೇರಿಕೊಳ್ಳುತ್ತದೆ.

ಆ ರೂಮಿನಲ್ಲಿರುವ ಎರಡೂ ಹೆಡ್‌ಫೋನ್‌ಗಳ ವಿನ್ಯಾಸ ಹಳೆಯದೇ. ಡಿಟಿ 48 ಮಾಡಿದ ಅದೇ ಕಂಪನಿ ಬೇಯರ್‌ಡೈನಾಮಿಕ್‌ನ ಡಿಟಿ 770 ಮತ್ತು ಡಿಟಿ 990 ಹುಟ್ಟಿದ್ದು 1980ರ ದಶಕದಲ್ಲಿ, ಸೋನಿಯ ಎಂಡಿಆರ್-7506 ಬಂದಿದ್ದು 1991ರಲ್ಲಿ, ಸೆನ್‌ಹೈಸರ್ ಎಚ್‌ಡಿ 600 ಬಂದಿದ್ದು 1997ರಲ್ಲಿ. ಪ್ರಪಂಚದ ಸ್ಟುಡಿಯೋಗಳಲ್ಲಿ ಇವತ್ತಿಗೂ ಕಾಣೋದು ಇವೇ. ಇವುಗಳಲ್ಲಿ ಯಾವುದೂ ಲಕ್ಷದ್ದಲ್ಲ.

ಇಲ್ಲಿ ಓಮ್ ಲೆಕ್ಕ, ಅಂದರೆ ಕರೆಂಟ್ ಹರಿಯಲು ಹೆಡ್‌ಫೋನ್ ಒಡ್ಡುವ ತಡೆಯ ಅಳತೆ, ಸ್ವಲ್ಪ ಹೇಳಲೇಬೇಕು. ಇಂಥ ಹೆಡ್‌ಫೋನ್ ತಂದು ಫೋನಿಗೆ ಸಿಕ್ಕಿಸಿ, "ಏನ್ರೀ, ಸದ್ದೇ ಬರಲ್ಲ" ಅನ್ನುವವರು ಬಹಳ. ಮೊಬೈಲ್ ಇಯರ್‌ಫೋನ್ ಸಾಮಾನ್ಯವಾಗಿ 16 ಇಲ್ಲವೇ 32 ಓಮ್. ಡಿಟಿ ಸರಣಿಯ ಸ್ಟುಡಿಯೋ ಮಾದರಿ 250 ಓಮ್, ಎಚ್‌ಡಿ 600 ಆದರೆ 300 ಓಮ್, ಆಸ್ಟ್ರಿಯಾದ ಎಕೆಜಿ ಕಂಪನಿಯ ಹಳೆಯ ಕೆ 240 ಅಂತೂ 600 ಓಮ್. ಇದು ಟೆಲಿಫೋನ್ ಮತ್ತು ರೇಡಿಯೋ ಕಾಲದಿಂದ ಬಂದ ಬಳುವಳಿ. ಆಗಿನ ಉಪಕರಣಗಳನ್ನು 600 ಓಮ್ ಲೈನಿಗೆ ತಕ್ಕಂತೆ ಮಾಡುತ್ತಿದ್ದರು. ಓಮ್ ಜಾಸ್ತಿ ಇದ್ದರೆ ಒಂದೇ ಆಂಪ್ಲಿಫೈಯರ್‌ಗೆ ಹಲವು ಹೆಡ್‌ಫೋನ್ ಜೋಡಿಸಬಹುದು, ಸುರುಳಿಗೆ ಎಳೆ ಎಳೆ ತಂತಿ ಬಳಸಿ ಪೊರೆಯನ್ನು ಹಗುರ ಮಾಡಬಹುದು. ಆದರೆ ಅದಕ್ಕೆ ವೋಲ್ಟೇಜ್ ಹೆಚ್ಚು ಬೇಕು. ಫೋನಿನ ಜಾಕ್ ಕೊಡೋದು ಒಂದು ವೋಲ್ಟ್ ಆಸುಪಾಸು ಅಷ್ಟೇ. ಸಿನಿಮಾ ಹಾಡಿಗೆ ಅದು ಹೇಗೋ ನಡೆಯುತ್ತದೆ. ಕಡಿಮೆ ಮಟ್ಟದಲ್ಲಿ ಮುದ್ರಿಸಿದ ವೀಣೆಗೆ ಸಾಲಲ್ಲ. ಹಾಗಂತ ಆಂಪ್ಲಿಫೈಯರ್‌ಗೆ ಐವತ್ತು ಸಾವಿರ ಸುರಿಯೋದೂ ಬೇಡ. ಈಗ ಬೆರಳುದ್ದದ ಯುಎಸ್‌ಬಿ ಡಾಂಗಲ್‌ಗಳೇ ಈ ಕೆಲಸ ಚೆನ್ನಾಗಿ ಮಾಡುತ್ತವೆ.

ನಮ್ಮ ಕಡೆಗೆ ಇದೆಲ್ಲ ಬಂದಿದ್ದು ತಡವಾಗಿ. ಬಹುಕಾಲ ಲೈಸೆನ್ಸ್ ಇಲ್ಲದೆ ಇಂಥ ವಿದೇಶಿ ಸಾಮಾನು ತರಿಸುವಂತಿರಲಿಲ್ಲ. ಬಳಕೆಯ ವಸ್ತುಗಳ ಆಮದಿನ ಮೇಲೆ ಉಳಿದಿದ್ದ ನಿರ್ಬಂಧಗಳು ಪೂರ್ತಿ ಹೋಗಿದ್ದು 2001ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಒಳ್ಳೆಯ ಹೆಡ್‌ಫೋನ್ ಅಂದರೆ ಗಲ್ಫ್‌ನಿಂದ ಬಂದ ನೆಂಟರು ತಂದ ವಾಕ್‌ಮನ್ ಜೊತೆಗಿನದು. 1979ರಲ್ಲಿ ಶುರುವಾದ ವಾಕ್‌ಮನ್ ಹೆಡ್‌ಫೋನ್ ಅನ್ನು ಬೀದಿಗೆ ತಂದಿತು ನಿಜ, ಆದರೆ ಆ ಸ್ಪಂಜಿನ ಹಗುರ ಹೆಡ್‌ಫೋನ್ ಬೇರೆಯದೇ ಜಾತಿ. ಇನ್ನೊಂದು ಮಾತು. ನಮ್ಮದು ಗುಬ್ಬಿ ವೀರಣ್ಣನವರ ಜಿಲ್ಲೆ. ನಾಟಕ, ಜಾತ್ರೆ, ಮೈಕ್‌ಸೆಟ್ ಅಂತ ಸಾವಿರ ಜನಕ್ಕೆ ಕೇಳಿಸುವ ಸದ್ದಿನಲ್ಲೇ ಬೆಳೆದವರು ನಾವು. ಒಬ್ಬನೇ ಕೂತು, ಬಾಗಿಲು ಹಾಕಿಕೊಂಡು ಹಾಡು ಕೇಳುವವನನ್ನು ಮನೆಯವರು ಇವತ್ತಿಗೂ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ, ಅಲ್ವಾ?

ಬೆಲೆ ಹಾರಿದ್ದು ಎರಡು ಸಲ. ಮೊದಲನೆಯದು 1989ರಿಂದ 1991ರ ನಡುವೆ. ಜಪಾನ್ ದುಡ್ಡಿನಲ್ಲಿ ತೇಲುತ್ತಿದ್ದ ಹೊತ್ತು. 1989ರಲ್ಲಿ ಸೋನಿ ಎಂಡಿಆರ್-ಆರ್10 ತಂದಿತು. ಅದರ ಕಿವಿಯ ಬಟ್ಟಲು ಕೆಯಾಕಿ ಎಂಬ ಮರದ್ದು, ಪೊರೆ ಬ್ಯಾಕ್ಟೀರಿಯಾದಿಂದ ಬೆಳೆಸಿದ ಸೆಲ್ಯುಲೋಸ್‌ನದು, ಬೆಲೆ ಸುಮಾರು ಎರಡೂವರೆ ಸಾವಿರ ಡಾಲರ್. ಅದೇ ವರ್ಷ ಎಕೆಜಿ ಕೆ 1000 ಬಂತು. ಅದು ಕಿವಿಗೆ ತಾಗೋದೇ ಇಲ್ಲ, ಪಕ್ಕದಲ್ಲಿ ರೆಕ್ಕೆಯಂತೆ ನಿಲ್ಲುತ್ತದೆ. ಅದನ್ನು ಜೋಡಿಸೋದು ದೊಡ್ಡ ಸ್ಪೀಕರ್‌ಗಳ ಆಂಪ್ಲಿಫೈಯರ್‌ಗೆ! 1991ರಲ್ಲಿ ಸೆನ್‌ಹೈಸರ್ ಆರ್ಫಿಯಸ್ ಎಂಬ ಎಲೆಕ್ಟ್ರೋಸ್ಟಾಟಿಕ್ ಜೋಡಿ ತಂದಿತು. ಮಾಡಿದ್ದೇ 300. ವಾಲ್ವ್ ಆಂಪ್ಲಿಫೈಯರ್ ಸೇರಿ ಬೆಲೆ ಆ ಕಾಲಕ್ಕೇ ಹತ್ತು ಸಾವಿರ ಡಾಲರ್ ಮೀರಿತ್ತು. ಇವೆಲ್ಲ ಲಾಭಕ್ಕೆ ಮಾಡಿದ್ದಲ್ಲ, ತಮ್ಮ ಕೈಲಿ ಏನಾಗುತ್ತೆ ಅಂತ ತೋರಿಸಲು ಮಾಡಿದ್ದು. ಆಮೇಲೆ ಬೆಲೆಗಳು ನೆಲಕ್ಕಿಳಿದವು.

ಎರಡನೆಯ ಹಾರಾಟ 2009ರದ್ದು. ಅದು ಇನ್ನೂ ಇಳಿದಿಲ್ಲ. ಆ ವರ್ಷ ಸೆನ್‌ಹೈಸರ್ ಎಚ್‌ಡಿ 800 ಅನ್ನು ಸುಮಾರು 1,400 ಡಾಲರ್‌ಗೆ ಮಾರತೊಡಗಿತು. ಪ್ರದರ್ಶನದ ಗೊಂಬೆಯಲ್ಲ, ಯಾರು ಬೇಕಾದರೂ ಕೊಳ್ಳಬಹುದಾದ ಮಾಮೂಲಿ ಮಾದರಿ. ಜನ ಕೊಂಡರು. ಅಷ್ಟು ಕೊಡುವವರು ಇದ್ದಾರೆ ಅಂತ ಗೊತ್ತಾಗಿದ್ದೇ ತಡ, ಉಳಿದವರೂ ಮುಗಿಬಿದ್ದರು. ಅದೇ ಹೊತ್ತಿಗೆ ಅಮೆರಿಕದ ಆಡಿಸಿ ಮತ್ತು ಚೀನಾದ ಹೈಫೈಮ್ಯಾನ್ ಪ್ಲೇನಾರ್ ಬಗೆಯನ್ನು ಮತ್ತೆ ಎಬ್ಬಿಸಿದವು. ಈ ಬಗೆಯಲ್ಲಿ ತಂತಿಯ ದಾರಿಗಳನ್ನು ಹಾಳೆಯ ಮೇಲೆಯೇ ಹಾಸಿ, ಎದುರಿಗೆ ಮ್ಯಾಗ್ನೆಟ್ ಸಾಲು ಇಡುತ್ತಾರೆ. ತಮಟೆಯ ಚರ್ಮದ ನಡುವೆ ಮಾತ್ರ ಬಡಿಯುವ ಬದಲು ಇಡೀ ಚರ್ಮವನ್ನು ಒಟ್ಟಿಗೇ ತಳ್ಳಿದ ಹಾಗೆ. ಯಮಾಹಾ 1976ರಲ್ಲೇ ಎಚ್‌ಪಿ-1ರಲ್ಲಿ ಇದನ್ನು ಮಾಡಿತ್ತು. ಆದರೆ ಪುಟ್ಟದಾದರೂ ಬಲವಾದ ನಿಯೋಡಿಮಿಯಂ ಮ್ಯಾಗ್ನೆಟ್ ಬಳಕೆಗೆ ಬಂದಿದ್ದು 1980ರ ದಶಕದ ನಂತರ.

2016ರಲ್ಲಿ ಫ್ರಾನ್ಸಿನ ಫೋಕಲ್ ಕಂಪನಿ ಬೆರಿಲಿಯಂ ಎಂಬ ಲೋಹದ ಪೊರೆಯ ಯುಟೋಪಿಯಾ ತಂದಾಗ ಬೆಲೆ ನಾಲ್ಕು ಸಾವಿರ ಡಾಲರ್. ಸೆನ್‌ಹೈಸರ್ ತೋರಿಸಿದ ಹೊಸ ಆರ್ಫಿಯಸ್‌ಗೆ ಅಮೃತಶಿಲೆಯ ಆಂಪ್ಲಿಫೈಯರ್, ಆಗಿನ ಬೆಲೆ ಐವತ್ತು ಸಾವಿರ ಯೂರೋ ಆಸುಪಾಸು. ಅಂದರೆ ತುಮಕೂರಿನಲ್ಲಿ ಒಂದು ಸೈಟು. ಬೆರಿಲಿಯಂ ದುಬಾರಿ ನಿಜ, ಕೈಯಲ್ಲಿ ಜೋಡಿಸುವ ಕೂಲಿ ಜಾಸ್ತಿ ನಿಜ, ಮಾರಾಟದ ಸಂಖ್ಯೆ ಕಡಿಮೆ ಅನ್ನೋದೂ ನಿಜ. ಆದರೆ ಪಕ್ಕದ ಕಂಪನಿ ಅಷ್ಟು ಕೇಳಿತು, ನಾವ್ಯಾಕೆ ಕಡಿಮೆ ಕೇಳಬೇಕು ಅನ್ನೋದೂ ಈ ಬೆಲೆಯಲ್ಲಿ ಸೇರಿದೆ ಅನ್ನೋದು ನನ್ನ ಅಭಿಪ್ರಾಯ.

ದುಡ್ಡಿನಷ್ಟೇ ಇಂಪೂ ಏರಿದೆಯಾ? ಇದನ್ನು ಅಳೆಯೋದು ಸುಲಭವಲ್ಲ. ಎದುರಿಗಿನ ಸ್ಪೀಕರ್ ಸದ್ದು ನಮ್ಮ ಕಿವಿಯ ಹಾಲೆ, ತಲೆ, ಭುಜಗಳಿಗೆ ಬಡಿದು ಬದಲಾಗಿ ಒಳಗೆ ಹೋಗುತ್ತದೆ. ಹೆಡ್‌ಫೋನ್ ನೇರ ಕಿವಿಯ ಬಾಗಿಲಲ್ಲೇ ಕೂರೋದರಿಂದ ಆ ಬದಲಾವಣೆಯನ್ನು ವಿನ್ಯಾಸದಲ್ಲೇ ಸೇರಿಸಬೇಕು. ಎಷ್ಟು ಸೇರಿಸಬೇಕು ಅನ್ನೋದೇ ಜಗಳ. 1980ರ ದಶಕದಲ್ಲಿ ಜರ್ಮನ್ ರೇಡಿಯೋ ಸಂಶೋಧಕರು, ಸದ್ದು ಎಲ್ಲ ದಿಕ್ಕಿನಿಂದ ಸಮನಾಗಿ ಬಂದರೆ ಕಿವಿಯೊಳಗೆ ಹೇಗಿರುತ್ತೋ ಹಾಗೆ ಹೆಡ್‌ಫೋನ್ ಇರಲಿ ಅಂದರು. 1990ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸ್ಟುಡಿಯೋ ಹೆಡ್‌ಫೋನ್‌ಗಳಿಗೆ ಅದನ್ನೇ ಶಿಫಾರಸು ಮಾಡಿತು. ಕೇಳುವವರಿಗೆ ಅದು ಸ್ವಲ್ಪ ತೆಳು, ಚುರುಕು ಅನ್ನಿಸಿತು. 2012ರ ನಂತರ ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಬೇರೆ ದಾರಿ ಹಿಡಿದರು. ಹೆಡ್‌ಫೋನ್‌ನ ಹೆಸರು, ಬೆಲೆ ಗೊತ್ತಾಗದಂತೆ ಜನರಿಗೆ ಕೇಳಿಸಿ ಯಾವುದು ಇಷ್ಟ ಅಂತ ಕೇಳಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿದಂತಿರುವುದೇ ಹೆಚ್ಚಿನವರಿಗೆ ಹಿಡಿಸಿತು. 2017ರಲ್ಲಿ ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನ್‌ಗಳ ಅಳತೆಯನ್ನು ಬೆಲೆಯ ಜೊತೆ ಹೋಲಿಸಿದರು. ಮಂದ್ರದಿಂದ ತಾರದವರೆಗಿನ ಸದ್ದಿನ ಸಮತೋಲಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ.

ದುಬಾರಿಯದ್ದೆಲ್ಲ ಮೋಸ ಅಂತ ಇದರ ಅರ್ಥವಲ್ಲ. ಒಳ್ಳೆಯ ಸ್ಟ್ಯಾಕ್ಸ್‌ನಲ್ಲಿ ಮೃದಂಗದ ಚಾಪು ಕೇಳಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ನಾವು ಕೇಳೋದೇನು ಅನ್ನೋದೂ ಮುಖ್ಯ. 1960ರ ದಶಕದ ಕನ್ನಡ ಸಿನಿಮಾ ಹಾಡುಗಳು ಬಹುತೇಕ ಮೋನೋ. ಲಕ್ಷದ ಹೆಡ್‌ಫೋನ್ ಹಾಕಿದರೂ ಎಡ ಬಲ ಬೇರೆ ಆಗಲ್ಲ. ಬದಲಿಗೆ ಟೇಪಿನ ಸುಯ್ಯೆನ್ನುವ ಸದ್ದು, ಯಾರೋ ಅವಸರದಲ್ಲಿ ಎಂಪಿ3 ಮಾಡಿದ ಕೊಳಕು ಎಲ್ಲ ಎದ್ದು ಬರುತ್ತದೆ. ಎಚ್‌ಡಿ 800 ಈ ವಿಷಯದಲ್ಲಿ ಸ್ವಲ್ಪವೂ ಕರುಣೆ ತೋರಿಸಲ್ಲ.

ಈಚಿನ ವರ್ಷಗಳಲ್ಲಿ ಕಂಪನಿಗಳೇ ಕೈ ಬದಲಾಗುತ್ತಿವೆ. ಸ್ಟ್ಯಾಕ್ಸ್ 2011ರಲ್ಲಿ ಚೀನಾದ ಎಡಿಫೈಯರ್ ಪಾಲಾಯಿತು. ಎಕೆಜಿ ತನ್ನ ವಿಯೆನ್ನಾದ ಕಚೇರಿ ಮುಚ್ಚಿದ್ದು 2017ರಲ್ಲಿ. ಅಲ್ಲಿಂದ ಹೊರಬಿದ್ದವರೇ ಆಸ್ಟ್ರಿಯನ್ ಆಡಿಯೋ ಕಟ್ಟಿದರು. ಸೆನ್‌ಹೈಸರ್‌ನ ಹೆಡ್‌ಫೋನ್ ವಿಭಾಗ 2022ರಲ್ಲಿ ಸ್ವಿಟ್ಜರ್‌ಲೆಂಡಿನ ಸೊನೋವಾ ಕೈಗೆ ಹೋಯಿತು. ಸೊನೋವಾದ ಮುಖ್ಯ ವ್ಯಾಪಾರ ಕಿವಿ ಕೇಳದವರ ಶ್ರವಣ ಸಾಧನ. ಆಡಿಸಿಯನ್ನು 2023ರಲ್ಲಿ ಸೋನಿಯ ಪ್ಲೇಸ್ಟೇಷನ್ ವಿಭಾಗ ಕೊಂಡಿತು.

ಕೊಳ್ಳುವವರಿಗೆ ಇದರಿಂದ ಏನು ಅಂದರೆ, ಬಿಡಿಭಾಗ. ಅಶೋಕನಗರದ ಆ ರೂಮಿನಲ್ಲಿ ಹಿಂದೆ ಇದ್ದ ಇನ್ನೊಂದು ಹೆಡ್‌ಫೋನ್‌ನ ರೆಕ್ಸಿನ್ ಪ್ಯಾಡು ಪುಡಿ ಪುಡಿಯಾಗಿ ಹಾಡುವವರ ಕೆನ್ನೆಗೆಲ್ಲ ಕಪ್ಪು ಚೂರು ಅಂಟುತ್ತಿತ್ತು. ಅಳತೆಯ ಪ್ಯಾಡ್ ಎಲ್ಲೂ ಸಿಗದೆ ಅದು ಮೂಲೆ ಸೇರಿತು. ಎಚ್‌ಡಿ 600ರಲ್ಲಿ ಪ್ಯಾಡ್, ಕೇಬಲ್, ಜಾಲರಿ, ತಲೆಯ ಮೇಲಿನ ಮೆತ್ತೆ ಎಲ್ಲವನ್ನೂ ಕೈಯಲ್ಲೇ ಬಿಚ್ಚಿ ಹೊಸದು ಹಾಕಬಹುದು. ಬೇಯರ್‌ಡೈನಾಮಿಕ್‌ನ ವೆಲ್ವೆಟ್ ಪ್ಯಾಡೂ ಹಾಗೆಯೇ. ತುಮಕೂರಿನಲ್ಲಿ ಕೇಳಿ ನೋಡಿ ಕೊಳ್ಳುವ ಅನುಕೂಲ ಇಲ್ಲ, ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕು. ಹೋಗುವವರು ತಮ್ಮದೇ ಫೋನು, ತಾವು ದಿನಾ ಕೇಳುವ ಹಾಡು ಒಯ್ಯಲಿ. ಅಂಗಡಿಯವರು ಹಾಕುವ ಹಾಡಿನಲ್ಲಿ ಎಲ್ಲ ಹೆಡ್‌ಫೋನೂ ಚೆನ್ನಾಗೇ ಕೇಳುತ್ತವೆ. ಕನ್ನಡಕ ಇದ್ದವರು ಅದನ್ನು ಹಾಕಿಕೊಂಡೇ ಅರ್ಧ ಗಂಟೆ ಕೂರಲಿ, ಪ್ಯಾಡ್ ಒತ್ತುವ ನೋವು ಶುರುವಾಗೋದು ಅಷ್ಟು ಹೊತ್ತಿನ ಮೇಲೆಯೇ.