ಹುತ್ತರಿ ಹಾಡಿಗೆ ಅನುಮತಿ ಬೇಡ, ಕಾದಂಬರಿಗೆ ಬೇಕು: ಏಕೆ?

ಪ್ರಶ್ನೆ: ನಾವು ವಿರಾಜಪೇಟೆಯ ನಾಲ್ವರು ಗೆಳತಿಯರು. ಪಂಜೆ ಮಂಗೇಶರಾಯರ ‘ಹುತ್ತರಿ ಹಾಡ’ನ್ನು ಹಾಡಿ ಯೂಟ್ಯೂಬಿಗೆ ಹಾಕಬೇಕೆಂದಿದ್ದೇವೆ. ನಮ್ಮಲ್ಲೊಬ್ಬಳು ಭಾರತೀಸುತರ ಕಾದಂಬರಿಯೊಂದರ ಪಾತ್ರಗಳನ್ನಿಟ್ಟುಕೊಂಡು ಮುಂದಿನ ಕಥೆ ಬರೆಯುತ್ತಿದ್ದಾಳೆ. ಇದರಿಂದ ನಮಗೆ ಹಣವೇನೂ ಬರುವುದಿಲ್ಲ. ಆದರೂ ಅನುಮತಿ ಬೇಕೇ?

ಉತ್ತರ: ಹಾಡಿಗೆ ಬೇಡ, ಕಥೆಗೆ ಬೇಕು. ಈ ವ್ಯತ್ಯಾಸಕ್ಕೆ ಕಾರಣ ಬರೆದವರು ತೀರಿಕೊಂಡ ವರ್ಷ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ ಎಣಿಸಿ 60 ವರ್ಷ ತುಂಬುವವರೆಗೆ ಅವರ ಬರಹದ ಹಕ್ಕು ವಾರಸುದಾರರದು. ಪಂಜೆಯವರು ತೀರಿಕೊಂಡದ್ದು 1937ರಲ್ಲಿ. ಆಗಿನ್ನೂ 50 ವರ್ಷದ ಲೆಕ್ಕವೇ ಇದ್ದುದರಿಂದ 1988ರಲ್ಲೇ ಅವರ ಪದ್ಯಗಳು ಎಲ್ಲರ ಸೊತ್ತಾದವು. ಆದರೆ ಮುಕ್ತವಾಗಿರುವುದು ಪದ್ಯ ಮಾತ್ರ. ಕ್ಯಾಸೆಟ್ಟಿನಲ್ಲಿ ಕೇಳಿ ಬಾಯಿಪಾಠವಾದ ಧಾಟಿಗೆ ಅದನ್ನು ಸಂಯೋಜಿಸಿದವರ ಹಕ್ಕು, ಆ ಧ್ವನಿಮುದ್ರಣಕ್ಕೆ ಕಂಪನಿಯ ಹಕ್ಕು ಬೇರೆಬೇರೆಯಾಗಿ ಇರುತ್ತವೆ. ನೀವೇ ಧಾಟಿ ಕಟ್ಟಿ, ದುಡಿ ಬಾರಿಸಿಕೊಂಡು ಹಾಡಿದರೆ ಯಾರೂ ತಡೆಯಲಾರರು.

ಭಾರತೀಸುತರು ತೀರಿಕೊಂಡದ್ದು 1976ರಲ್ಲಿ, ಆದ್ದರಿಂದ ಅವರ ಕಾದಂಬರಿಗಳ ಹಕ್ಕು 2036ರ ಕೊನೆಯವರೆಗೂ ಇದೆ. ಅವರ ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ ಸಿನಿಮಾ ಆಯಿತು. ಸಿನಿಮಾದ 60 ವರ್ಷವನ್ನು ಬಿಡುಗಡೆಯಿಂದ ಎಣಿಸುವುದರಿಂದ ಅದು 2034ರ ಜನವರಿಯಲ್ಲಿ ಮುಕ್ತವಾಗುತ್ತದೆ, ಅದರೊಳಗಿನ ಕಥೆಗೆ ಮಾತ್ರ ಮತ್ತೆ 3 ವರ್ಷ ಕಾಯಬೇಕು.

ಹಣ ಪಡೆಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ಕಾಯ್ದೆ ವಿನಾಯಿತಿ ಕೊಡುವುದಿಲ್ಲ. 52ನೆಯ ಸೆಕ್ಷನ್ ಖಾಸಗಿ ಬಳಕೆಗೆ, ವಿಮರ್ಶೆಗೆ, ಸುದ್ದಿಗೆ ಅವಕಾಶ ಕೊಟ್ಟಿದೆ. ನೋಟ್‌ಪುಸ್ತಕದಲ್ಲಿ ಬರೆದು ಗೆಳತಿಯರಿಗೆ ಓದಿ ಹೇಳಿದರೆ ಅದು ಖಾಸಗಿ. ಊರಿಗೆಲ್ಲ ಹಂಚಿದರೆ ಅಲ್ಲ.

ಈ ಅವಧಿ ತೀರ ದೀರ್ಘವಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ಕ್ಕೆ ಮುಗಿಯಲಿದ್ದಾಗ 50 ವರ್ಷವನ್ನು 60ಕ್ಕೆ ಏರಿಸಲಾಯಿತು. ಅದರ ಪರಿಣಾಮ ಕೊಡಗಿಗೂ ತಟ್ಟಿತು: 1944ರಲ್ಲಿ ತೀರಿಕೊಂಡ ಹರದಾಸ ಅಪ್ಪಚ್ಚ ಕವಿಯವರ ಕೊಡವ ನಾಟಕಗಳು 1995ರಲ್ಲಿ ಮುಕ್ತವಾಗಬೇಕಿದ್ದವು, 2005ರವರೆಗೆ ಕಾಯಬೇಕಾಯಿತು. ದೊಡ್ಡ ನಿರ್ಮಾಪಕರಿಗೆ ವಕೀಲರಿರುತ್ತಾರೆ. ಹಳ್ಳಿಯ ನಾಟಕ ತಂಡಕ್ಕೆ ಯಾರನ್ನು ಕೇಳಬೇಕೆಂಬುದೇ ತಿಳಿದಿರುವುದಿಲ್ಲ. ಹಳೆಯ ಸಣ್ಣಕಥೆಯೊಂದನ್ನು ರಂಗಕ್ಕೆ ತರಲು ನಾನು ಲೇಖಕರ ಮನೆಯವರನ್ನು ಹುಡುಕಿಕೊಂಡು ಸೋಮವಾರಪೇಟೆ, ಮೈಸೂರು ಎಂದು ಅಲೆದೆ. ಒಬ್ಬ ಮಗಳು ಸಂತೋಷದಿಂದ ಒಪ್ಪಿದರು. ವಿದೇಶದಲ್ಲಿದ್ದ ಅವರ ತಮ್ಮನಿಂದ ಉತ್ತರವೇ ಬರಲಿಲ್ಲ, ನಾಟಕ ನಿಂತೇಹೋಯಿತು. ಹಕ್ಕುದಾರರು ಸಿಗದಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅರ್ಜಿ ಹಾಕಿ ಪರವಾನಗಿ ಪಡೆಯುವ ದಾರಿ 31ಎ ಸೆಕ್ಷನ್ನಿನಲ್ಲಿದೆ ನಿಜ, ಆದರೆ ಅದರ ಖರ್ಚು ಹವ್ಯಾಸಿಗಳ ಕೈಗೆಟಕುವಂಥದ್ದಲ್ಲ.

ನೀವು ಹಾಡುವಾಗ ವಿಡಿಯೊದ ಮೊದಲಿಗೇ ಪಂಜೆಯವರ ಹೆಸರು ಹಾಕಿ. ನಿಮ್ಮ ಗೆಳತಿ ಭಾರತೀಸುತರ ಕುಟುಂಬದವರಿಗೋ ಪ್ರಕಾಶಕರಿಗೋ ಪತ್ರ ಬರೆದು ಕೇಳಲಿ. ಉತ್ತರ ಬಾರದಿದ್ದರೆ ತನ್ನವೇ ಪಾತ್ರಗಳನ್ನು, ತನ್ನದೇ ಘಟನೆಗಳನ್ನು ಕಟ್ಟಿಕೊಳ್ಳಲಿ: ಕೃತಿಸ್ವಾಮ್ಯ ಇರುವುದು ಬರೆದ ರೂಪಕ್ಕೆ, ಕಾಡು, ಕಾಫಿತೋಟ, ಒಂಟಿ ಹೆಂಗಸಿನ ಬದುಕು ಎಂಬ ವಸ್ತುವಿಗಲ್ಲ.