ನಾಲ್ಕು ಟನ್ ನೌಕೆಗೆ 640 ಟನ್ ರಾಕೆಟ್ ಏಕೆ?

ಪ್ರಶ್ನೆ: ಚಂದ್ರಯಾನ-3 ನೌಕೆಯ ತೂಕ ಸುಮಾರು 3,900 ಕೆ.ಜಿ. 2023ರ ಜುಲೈ 14ರಂದು ಅದನ್ನು ಹೊತ್ತೊಯ್ದ ಎಲ್‌ವಿಎಂ-3 ರಾಕೆಟ್ಟಿನ ತೂಕ 640 ಟನ್. ಇಷ್ಟು ಸಣ್ಣ ಹೊರೆಗೆ ಅಷ್ಟು ದೊಡ್ಡ ವಾಹನ ಬೇಕೆ?

ಉತ್ತರ: ಬೇಕು. ಏಕೆಂದರೆ ರಾಕೆಟ್ ಹೊರುವುದು ಮುಖ್ಯವಾಗಿ ನೌಕೆಯನ್ನಲ್ಲ, ತನ್ನದೇ ಇಂಧನವನ್ನು. ದೂರದೂರಿಗೆ ಹೊರಟ ಗಾಡಿಯಲ್ಲಿ ಎತ್ತುಗಳ ಮೇವನ್ನೂ ಹೇರಬೇಕು. ಮೇವಿನ ಭಾರ ಎಳೆಯಲು ಇನ್ನಷ್ಟು ಮೇವು ಬೇಕು. ವಿಮಾನಕ್ಕಾದರೆ ಗಾಳಿಯ ಆಮ್ಲಜನಕ ಸಿಗುತ್ತದೆ. ರಾಕೆಟ್ ಅದನ್ನೂ ಕಟ್ಟಿಕೊಂಡೇ ಹೊರಡಬೇಕು. 640 ಟನ್ನಿನಲ್ಲಿ ಸುಮಾರು 550 ಟನ್ ಹೀಗೆ ಉರಿದುಹೋಗುವ ಸರಕು.

ಎತ್ತರಕ್ಕೇರುವುದೇ ಕಷ್ಟ ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ಹಾರಿದ ಪುಟ್ಟ ರಾಕೆಟ್ಟೂ ಬಾಹ್ಯಾಕಾಶ ಮುಟ್ಟಿತ್ತು. ಮುಟ್ಟಿ ಕೆಳಗೆ ಬಿದ್ದಿತು. ಬೀಳದೆ ಸುತ್ತುತ್ತಿರಬೇಕಾದರೆ ಅಡ್ಡಡ್ಡಲಾಗಿ ಸೆಕೆಂಡಿಗೆ 7.8 ಕಿ.ಮೀ. ವೇಗ ಬೇಕು. ಗುರುತ್ವವೂ ಗಾಳಿಯೂ ಕಿತ್ತುಕೊಳ್ಳುವುದನ್ನು ಸೇರಿಸಿದರೆ ಲೆಕ್ಕ 9.3ರ ಆಸುಪಾಸಿಗೆ ಬರುತ್ತದೆ.

ರಷ್ಯಾದ ವಿಜ್ಞಾನಿ ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸೂತ್ರ ಇಲ್ಲಿಯೇ ಬಿಗಿ ಹಿಡಿಯುತ್ತದೆ. ರಾಕೆಟ್ಟಿನ ಬಾಲದಿಂದ ಅನಿಲ ಸೆಕೆಂಡಿಗೆ 3.1 ಕಿ.ಮೀ. ವೇಗದಲ್ಲಿ ಚಿಮ್ಮುತ್ತದೆ ಎನ್ನೋಣ. ರಾಕೆಟ್ ಅಷ್ಟೇ ವೇಗವನ್ನು ಪಡೆಯುವ ಹೊತ್ತಿಗೆ ಅದರ ತೂಕ 2.72ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. 9.3 ಎಂದರೆ ಅಂಥ ಮೂರು ಕಂತು. 2.72ನ್ನು ಮೂರು ಸಲ ಇಟ್ಟು ಗುಣಿಸಿ: 20! ವೇಗ ಕೂಡುತ್ತಾ ಹೋದರೆ ತೂಕ ಗುಣಿಸುತ್ತಾ ಹೋಗುತ್ತದೆ; ಎಂಜಿನಿಯರರ ನಿದ್ದೆಗೆಡಿಸುವುದು ಇದೇ. ನೆಲದಲ್ಲಿ 20 ಟನ್ ಇದ್ದದ್ದು ಕಕ್ಷೆಯಲ್ಲಿ 1 ಟನ್. ಆ ಒಂದರಲ್ಲಿಯೂ ಬಹುಪಾಲು ಖಾಲಿ ಟ್ಯಾಂಕು, ಎಂಜಿನ್ನು.

ಹಾಗಾಗಿ ಖಾಲಿಯಾದದ್ದನ್ನು ದಾರಿಯಲ್ಲಿಯೇ ಕಳಚಿ ಎಸೆಯುತ್ತಾರೆ. ಎಲ್‌ವಿಎಂ-3ರ ಅಕ್ಕಪಕ್ಕದ ಎರಡು ದೈತ್ಯ ಕೊಳವೆಗಳು ಎರಡು ನಿಮಿಷ ದಾಟುತ್ತಲೇ ಬೇರ್ಪಡುತ್ತವೆ. ಮೇಲಿನ ಹಂತಕ್ಕೆ ದ್ರವ ಹೈಡ್ರೋಜನ್ನಿನ ಕ್ರಯೋಜೆನಿಕ್ (ಅತಿಶೀತಲ ಇಂಧನದ) ಎಂಜಿನ್. ಅದರ ಅನಿಲದ ವೇಗ ಸೆಕೆಂಡಿಗೆ 4.3 ಕಿ.ಮೀ. ದಾಟುತ್ತದೆ. ಶ್ರೀಹರಿಕೋಟಾದಿಂದ ಪೂರ್ವಕ್ಕೆ ಹಾರಿಸುವುದರಲ್ಲಿಯೂ ಜಾಣತನವಿದೆ: ಭೂಮಿಯ ತಿರುಗುವಿಕೆ ಸೆಕೆಂಡಿಗೆ ಸುಮಾರು 450 ಮೀಟರ್ ವೇಗವನ್ನು ಪುಕ್ಕಟೆಯಾಗಿ ಕೊಡುತ್ತದೆ. ಅಲ್ಪವೆನಿಸಬಹುದು, ಆದರೆ ನಮ್ಮ 20 ಅಷ್ಟರಿಂದಲೇ ಸುಮಾರು 17ಕ್ಕೆ ಇಳಿಯುತ್ತದೆ.

ಇನ್ನು, ರಾಕೆಟ್ ನೌಕೆಯನ್ನು ಚಂದ್ರನವರೆಗೆ ಒಯ್ಯಲಿಲ್ಲ. ಭೂಮಿಯ ಸುತ್ತಲಿನ ಉದ್ದನೆಯ ಕಕ್ಷೆಯಲ್ಲಿ ಬಿಟ್ಟಿತು. ಮುಂದಿನ ದಾರಿಗೆ ನೌಕೆಯೂ ತನ್ನ ಇಂಧನವನ್ನು ತಾನೇ ಹೊತ್ತಿತ್ತು, ಮತ್ತೆ ಅದೇ ಸೂತ್ರ. ಕೊನೆಗೆ ಚಂದ್ರನ ನೆಲದ ಮೇಲೆ ಓಡಾಡಿದ ಪ್ರಜ್ಞಾನ್ ರೋವರ್‌ನ ತೂಕ 26 ಕೆ.ಜಿ.